ಸಂಜೆ ಆರರೊಳಗೆ ಒಂದು ಪ್ರಶ್ನೆ

ಲಿಫ್ಟ್ ಮೆಕ್ಯಾನಿಕ್ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಮೊಬೈಲಿಗೆ ಸಂದೇಶ ಬಂತು. ‘ಗುಂಪಿಗೆ ಸೇರಿ ಎರಡು ವರ್ಷವಾಯಿತು, ನೀವು ಬಾಯಿ ಬಿಟ್ಟಿಲ್ಲ. ಇಂದು ಸಂಜೆ ಆರರೊಳಗೆ ಒಂದು ಒಳ್ಳೆಯ ಪ್ರಶ್ನೆ ಕೇಳದಿದ್ದರೆ ತೆಗೆದುಹಾಕುತ್ತೇವೆ. – ಅಡ್ಮಿನ್.’

ಅದು ಹಳೆಯ ಲಿಫ್ಟುಗಳನ್ನು ನೋಡಿಕೊಳ್ಳುವವರ ಆನ್‌ಲೈನ್ ಗುಂಪು. ಅವನ ಆರು ಮಹಡಿ ಕಟ್ಟಡದ ಲಿಫ್ಟನ್ನು ಮಾಡಿದ ಕಂಪನಿ ಮುಚ್ಚಿ ಯಾವ ಕಾಲವಾಯಿತೋ. ಅದರ ವೈರಿಂಗ್ ನಕ್ಷೆ ಸಿಗುತ್ತಿದ್ದುದು ಆ ಗುಂಪಿನಲ್ಲಿ ಮಾತ್ರ. ಗುಂಪು ತಪ್ಪಿದರೆ ಕೈ ಕತ್ತರಿಸಿದ ಹಾಗೆ. ಆದರೆ ಕೇಳುವುದು ಏನನ್ನ? ಎಷ್ಟು ತಲೆ ಕೆರೆದುಕೊಂಡರೂ ಉದುರಿದ್ದು ನಾಲ್ಕು ಕೂದಲು ಅಷ್ಟೇ.

ಕೆಳಮಹಡಿಯ ಟೈಲರ್ ಹತ್ತಿರ ಗೋಳು ತೋಡಿಕೊಂಡ.

“ಇಷ್ಟೇನಾ? ಲಿಫ್ಟಿಗೆ ಯಾವಾಗ ಎಣ್ಣೆ ಹಾಕ್ಬೇಕು ಅಂತ ಕೇಳ್ಬಿಡು,” ಎಂದ ಟೈಲರ್, ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆಯದೆ.

ಕೇಳಿದ. ಮರುಕ್ಷಣವೇ ಉತ್ತರ: ‘ಇದನ್ನು ಆಗಲೇ ನಲವತ್ತೊಂದು ಜನ ಕೇಳಿದ್ದಾರೆ. ಅಳಿಸಿದ್ದೇವೆ.’

ಸುದ್ದಿ ಲಿಫ್ಟಿಗಿಂತ ಬೇಗ ನಾಲ್ಕನೇ ಮಹಡಿ ಮುಟ್ಟಿತು. ಅಲ್ಲಿದ್ದ ನಿವೃತ್ತ ಟೀಚರ್ ಕನ್ನಡಕ ಏರಿಸಿಕೊಂಡು ಇಳಿದುಬಂದರು. “ಪ್ರಶ್ನೆ ಅಂದ್ಮೇಲೆ ಅದಕ್ಕೊಂದು ಶಿಸ್ತು ಬೇಡ್ವೇನಪ್ಪ? ಬರ್ಕೋ.”

‘ಲಿಫ್ಟಿನ ಉಪಯೋಗಗಳನ್ನು ಐದು ವಾಕ್ಯಗಳಲ್ಲಿ ಚಿತ್ರಸಹಿತ ವಿವರಿಸಿ’ ಎಂಬುದು ಗುಂಪಿಗೆ ಹೋಯಿತು. ‘ಇಲ್ಲಿ ಯಾರೂ ಪರೀಕ್ಷೆಗೆ ಕೂತಿಲ್ಲ’ ಎಂದು ಹಿಂದಕ್ಕೆ ಬಂತು.

ಮಧ್ಯಾಹ್ನದ ಮೇಲೆ ಅವನು ತಾರಸಿಯ ಮೋಟಾರು ಕೋಣೆಗೆ ಹೋಗಿ, ಸ್ವಿಚ್ ಆರಿಸಿ, ಹಲ್ಲುಚಕ್ರಕ್ಕೆ ಗ್ರೀಸ್ ಹಚ್ಚುತ್ತ ಯೋಚನೆಗೆ ಬಿದ್ದ. ಗ್ರೀಸ್ ಮುಗಿದರೂ ಯೋಚನೆ ಮುಗಿಯಲಿಲ್ಲ. ಅರ್ಧ ಗಂಟೆಯ ಮೇಲೆ ಕೆಳಗಿನಿಂದ ದಬದಬ ಸದ್ದು ಕೇಳಿದಾಗಲೇ, ಲಿಫ್ಟಿನಲ್ಲಿ ಯಾರೋ ಸಿಕ್ಕಿಕೊಂಡಿದ್ದಾರೆ ಎಂದು ಹೊಳೆದದ್ದು. ಸ್ವಿಚ್ ಹಾಕಿ, ಮೆಟ್ಟಿಲು ಹಾರಿಕೊಂಡು ಬಂದು ಬಾಗಿಲು ತೆಗೆದ.

ಒಳಗೆ ಟೈಲರ್ ಮತ್ತು ಟೀಚರ್. ಬಿಟ್ಟರೆ ಇಡೀ ದಿನ ಬಾಯಿಗೆ ಬಿಡುವು ಕೊಡದ ಇಬ್ಬರೂ ಅಂಗಡಿ ಮುಂದಿನ ಗೊಂಬೆಗಳ ಹಾಗೆ ಬಾಗಿಲಿಗೆ ಮುಖ ಮಾಡಿ ಸುಮ್ಮನೆ ನಿಂತಿದ್ದರು.

ಹೊರಗೆ ಬಂದವರೇ ಇಬ್ಬರೂ ಬೈದರು. ತಲೆ ಬಗ್ಗಿಸಿ ಕೇಳಿಸಿಕೊಂಡ ಮೆಕ್ಯಾನಿಕ್ ಮೆಲ್ಲಗೆ ಎತ್ತಿದ. “ಇಬ್ರೂ ಜಗಳ ಆಡಿದ್ರಾ?”

“ಇಲ್ವಲ್ಲ,” ಎಂದರು ಟೀಚರ್.

“ಮತ್ತೆ ಅರ್ಧ ಗಂಟೆ ಒಂದು ಮಾತೂ ಆಡ್ಲಿಲ್ವಾ?”

ಇಬ್ಬರೂ ಮುಖ ಮುಖ ನೋಡಿಕೊಂಡರು. “ಹೌದಲ್ಲ,” ಎಂದ ಟೈಲರ್, “ಯಾಕೆ ಆಡ್ಲಿಲ್ಲ?”

ಮೆಕ್ಯಾನಿಕ್‌ಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಲಿಫ್ಟಿನ ಹೊಟ್ಟೆಯೊಳಗೆಲ್ಲ ಕೈ ಹಾಕಿದ್ದವನು ಇದನ್ನು ಒಮ್ಮೆಯೂ ಯೋಚಿಸಿರಲಿಲ್ಲ. ತಿಳಿಯಲೇಬೇಕು ಅನ್ನಿಸಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಬರೆದ: ‘ಹೊರಗೆ ಮಾತಾಡುವವರು ಲಿಫ್ಟಿನೊಳಗೆ ಬಾಯಿ ಮುಚ್ಚಿಕೊಳ್ಳುವುದು ಏಕೆ?’

ಮೊಬೈಲು ಬಾಣಲೆಗೆ ಬಿದ್ದ ಸಾಸಿವೆಯಂತೆ ಸಿಡಿಯತೊಡಗಿತು. ಉತ್ತರ ಇನ್ನೂರು ದಾಟಿತು, ಒಂದರಂತೆ ಒಂದಿಲ್ಲ. ಮೂವರೂ ತಲೆ ಸೇರಿಸಿ ಓದಿದರು.

ಆರಕ್ಕೆ ಸರಿಯಾಗಿ ಅಡ್ಮಿನ್ ಸಂದೇಶ ಬಂತು. ‘ಇಂಥ ಪ್ರಶ್ನೆ ಈ ಗುಂಪು ಕಂಡಿಲ್ಲ. ನಾಳೆಯಿಂದ ದಿನದ ಪ್ರಶ್ನೆ ನಿಮ್ಮದೇ ಜವಾಬ್ದಾರಿ. ದಿನಾ ಬೆಳಿಗ್ಗೆ ಏಳರೊಳಗೆ ಒಂದು. ತಪ್ಪಿದರೆ ತೆಗೆದುಹಾಕುತ್ತೇವೆ.’

ಅವನು ಕೂಡಲೇ ‘ಸ್ವಾಮಿ, ಇದರಿಂದ ತಪ್ಪಿಸಿಕೊಳ್ಳುವುದು ಹೇಗೆ?’ ಎಂದು ಬರೆದ.

‘ಬಹಳ ಚೆನ್ನಾಗಿದೆ,’ ಎಂದು ಉತ್ತರ ಬಂತು. ‘ಇದು ನಾಳೆಗಾಯಿತು. ನಾಡಿದ್ದಿಗೆ ಯಾವುದು?’