ಅಡುಗೆಯವಳ ಕೈಲಿ ಸೂಜಿ ಪೆನ್ನು

ನಾನು ಬಾಯಿ ಮುಚ್ಕೊಂಡಿದ್ದ ದಿನ ಎಂತದೂ ಆಗೂದಿಲ್ಲ. ಬಾಯಿ ತೆಗೆದ ದಿನ ಎಂತಾದ್ರೂ ಆಗೇ ಆಗ್ತದೆ. ಮುಚ್ಕೊಂಡಿದ್ದ ದಿನ ಒಂದೂ ನೆನಪಿಲ್ಲ, ಹಂಗಾಗಿ ಹೇಳೂಕೆ ಸುಮಾರು ಉಂಟು.

ಹಳದೀಪುರದ ಬದಿಯ ಒಂದು ಶಾಲೇಲಿ ನಾನು ಬಿಸಿಯೂಟ ಮಾಡೂವವಳು. ಓದಿದ್ದು ನಾಲ್ಕನೇ ಕ್ಲಾಸು. ಈ ವರ್ಷ ನಮ್ಮಲ್ಲಿ ಎರಡನೇ ಕ್ಲಾಸಿಗೆ ಒಬ್ಳು ಹುಡುಗಿ ಬಂದ್ಲು. ಅವಳಿಗೆ ಶೇಂಗಾ ಆಗೂದಿಲ್ಲ. ಆಗೂದಿಲ್ಲ ಅಂದ್ರೆ ತುರಿಕೆ ಗಿರಿಕೆ ಅಲ್ಲ, ಗಂಟಲು ಬಾತು ಉಸಿರೇ ಕಟ್ತದೆ. ಹೋದ ವರ್ಷ ಹೊನ್ನಾವರದ ಆಸ್ಪತ್ರೇಲಿ ಜೀವ ಉಳಿದದ್ದೇ ಹೆಚ್ಚು. ಅವಳ ಸೋದರಮಾವ ದುಬೈಯಿಂದ ಮದ್ದು ತುಂಬಿದ ಎರಡು ಸೂಜಿ ಪೆನ್ನು ತಂದುಕೊಟ್ಟ. ಮತ್ತೆ ಹಂಗಾದ್ರೆ ತೊಡೆಗೆ ಚುಚ್ಚೂಕೆ. ಅದನ್ನ ಕಲಿಸೂಕೆ ಕುಮಟೆಯಿಂದ ಡಾಕ್ಟರಮ್ಮ ಬಂದ್ರು. ಮಾಸ್ತರು, ಪಾಠ ಹೇಳೂ ಅಕ್ಕೋರು ಎಲ್ಲ ಕೂತ್ರು. ನನ್ನನ್ನ ಯಾರೂ ಕರೀಲಿಲ್ಲ. ಸಾರಿಗೆ ಒಗ್ಗರಣೆ ಹಾಕಿ ನಾನೇ ಹೋಗಿ ಮುಂದಿನ ಬೆಂಚಲ್ಲಿ ಕೂತೆ.

ಬೋರ್ಡಿನ ಮೇಲೆ ನನ್ನ ಮಾತು

"ಮಗುಗೆ ಮೈಮೇಲೆ ಕೆಂಪು ದದ್ದು ಎದ್ದಿದೆ, ತುಟಿ ಬಾತಿದೆ, ಉಸಿರಿಗೆ ಕಷ್ಟ ಪಡ್ತಿದೆ. ಎಂತ ಮಾಡ್ತೀರಿ?" ಅಂತ ಡಾಕ್ಟರಮ್ಮ ಕೇಳಿದ್ರು.

ನಾನು ಎದ್ದೆ. "ಅದು ಪಿತ್ತ. ಕೋಕಂ ನೀರು ಕುಡಿಸೂದು. ಕಂಬಳಿ ಹೊದೆಸಿ ಉಜ್ಜೂದು. ಹೋಗದಿದ್ರೆ ದೃಷ್ಟಿ ಆಗಿದೆ ಅಂತ ಉಪ್ಪು ಮೆಣಸು ಇಳಿತೆಗೆದು ಒಲೆಗೆ ಹಾಕೂದು."

ಡಾಕ್ಟರಮ್ಮ ಒಂದೂ ಬಿಡದೆ ಬೋರ್ಡಿನ ಮೇಲೆ ಬರೆದ್ರು. ನಾಲ್ಕನೇ ಕ್ಲಾಸಲ್ಲಿ ನನ್ನ ಹೆಸರು ಬೋರ್ಡಿಗೆ ಹತ್ತಿದ್ದು ಗಲಾಟೆ ಮಾಡಿದವರ ಪಟ್ಟೀಲಿ ಮಾತ್ರ. ಈಗ ಹಿಂದೆ ತಿರುಗಿ ಎಲ್ಲರ ಮುಖ ನೋಡಿದೆ. ಮುಂದೆ ತಿರುಗೂದ್ರೊಳಗೆ ಅವರು ಮೇಲೆ ದೊಡ್ಡ ಅಕ್ಷರದಲ್ಲಿ ತಲೆಬರಹ ಹಾಕಿದ್ರು: "ಮಾಡಬಾರದ್ದು."

ಹತ್ತು ಎಣಿಸೂದು

ಕಲಿಯೂಕೆ ಸೂಜಿ ಇಲ್ಲದ ಪೆನ್ನು ಬೇರೆ ಇತ್ತು. ಮುಚ್ಚಳ ತೆಗೆಯೂದು, ತೊಡೆಯ ಹೊರಬದಿಗೆ ಬಟ್ಟೆ ಮೇಲಿಂದಲೇ ಒತ್ತೂದು, ಕಟಕ್ ಅಂದ ಮೇಲೆ ಹತ್ತು ಎಣಿಸೂದು, ಆಮೇಲೆ ೧೦೮ಕ್ಕೆ ಫೋನು.

ನಾನು ತಲೆಕೆಳಗಾಗಿ ಹಿಡಿದು ನನ್ನ ಹೆಬ್ಬೆರಳಿಗೇ ಒತ್ತಿಕೊಂಡೆ.

"ನಿಜದ ಪೆನ್ನಾದ್ರೆ ಮದ್ದು ನಿಮ್ಮ ಬೆರಳಿಗೆ ಹೋಗ್ತಿತ್ತು" ಅಂದ್ರು ಡಾಕ್ಟರಮ್ಮ. "ಮಗುಗೆ ಎಂತ ಉಳೀತಿತ್ತು?"

ಎರಡನೇ ಸಲ ಹೆಡ್ ಮಾಸ್ತರು ತಮ್ಮ ತೊಡೆ ಕೊಟ್ರು. ಸರಿಯಾಗಿ ಒತ್ತಿದೆ. "ಲಾಭ... ಎರಡು... ಮೂರು..."

"ಲಾಭ ಎಂತದು?"

"ಅಕ್ಕಿ ಅಳೆಯೂವಾಗ ಯಾರಾದ್ರೂ ಒಂದು ಅಂತಾರಾ ಅಮ್ಮ? ಲಾಭ ಅಂತಲೇ ಶುರು ಮಾಡೂದು." ಈ ಮಾತಲ್ಲಿ ಲೆಕ್ಕ ತಪ್ಪಿತು. ಮತ್ತೆ ಲಾಭದಿಂದ ಹಿಡಿದೆ.

ಹೆಡ್ ಮಾಸ್ತರು ಹಲ್ಲು ಕಚ್ಚಿ ಹೇಳಿದ್ರು, "ಬೇಗ ಅಳೆದು ಮುಗಿಸಿ ಮಾರಾಯ್ತಿ. ಗೋಣಿ ಅಲ್ಲ, ತೊಡೆ."

ಇಬ್ಬರಿಗೆ ಮಾತ್ರ

ಹುಡುಗಿಯ ತಾಯಿ ನನ್ನ ಕೈ ಹಿಡಿದು ಹೇಳಿದ್ಲು, "ಅಕ್ಕಾ, ಶಾಲೆ ಹೊರಗೆ ಯಾರಿಗೂ ಹೇಳ್ಬೇಡಿ. ಹೆಣ್ಣುಮಗು. ಇಂತಾ ಕಾಯಿಲೆ ಅಂತ ಗೊತ್ತಾದ್ರೆ ನಾಳೆ ಯಾರು ಮದುವೆ ಆಗ್ತಾರೆ?"

"ಅವಳಿಗಿನ್ನೂ ಮುಂದಿನ ಹಲ್ಲೇ ಬರ್ಲಿಲ್ಲ" ಅಂದೆ. ಆದ್ರೂ ಹೇಳೂದಿಲ್ಲ ಅಂತ ಮಾತು ಕೊಟ್ಟೆ.

ನಾನು ಹೇಳಿದ್ದು ಇಬ್ಬರಿಗೆ ಮಾತ್ರ. ಒಬ್ಳು ಕಾಸರಕೋಡದ ಮೀನು ಮಾರೂವವಳು, ಇನ್ನೊಬ್ಬ ಬಸ್ಸಿನ ಕಂಡಕ್ಟರು. ಎಂಟು ದಿನಕ್ಕೆ ಸುದ್ದಿ ಕುಮಟೆ ಮುಟ್ಟಿತು. ಶಾಲೆ ಎದುರಿನ ಅಂಗಡಿಯವ ಆ ಹುಡುಗಿಗೆ ಚಿಕ್ಕಿ ಬಿಡಿ, ರಬ್ಬರು ಕೊಡೂಕೂ ಹೆದರಿದ.

ತಾಯಿ ಅಡುಗೆ ಕೋಣೆಗೇ ಬಂದ್ಲು. "ಭಟ್ಕಳದ ನನ್ನ ನಾದಿನಿ ಫೋನು ಮಾಡಿ ಕೇಳ್ತಾಳೆ. ನಿಮ್ಮ ನಾಲಿಗೆಗೆ ಎಂತ ಹೇಳೂದು?"

ನಂಗೂ ನಾಚಿಕೆ ಆತು. ಭಟ್ಕಳಕ್ಕೆ ನಾನು ಕಳಿಸಿರ್ಲಿಲ್ಲ.

ಆ ಮಂಗಳವಾರ

ತಾಯಿ ನನ್ನ ಹತ್ರ ಮಾತು ಬಿಟ್ಟು ಹದಿನೈದು ದಿನ ಆಗಿತ್ತು. ಒಬ್ಬ ಹುಡುಗ ತನ್ನ ಹುಟ್ಟಿದ ಹಬ್ಬ ಅಂತ ಮನೆಯಿಂದ ಉಂಡೆ ತಂದು ಗೆಳೆಯರಿಗೆ ಹಂಚಿದ. ಎಳ್ಳಿನದ್ದು ಅಂತ ಇವಳು ಒಂದು ಕಚ್ಚಿದ್ಲು. ಒಳಗೆ ಶೇಂಗಾ ಇತ್ತು.

ನಾನು ಸಾಂಬಾರಿನ ಬಕೆಟು ಹಿಡಿದು ಬರ್ತಿದ್ದೆ. ಹುಡುಗಿಯ ತುಟಿ ಬಾತಿತ್ತು, ಎದೆ ಸುಂಯ್ ಸುಂಯ್ ಅಂತಿತ್ತು. ಕಣ್ಣು ಮಾತ್ರ ನನ್ನನ್ನೇ ನೋಡ್ತಿತ್ತು. ನನ್ನ ಬಾಯಿಂದ ಒಂದು ಮಾತು ಬರ್ಲಿಲ್ಲ. ಬಕೆಟು ಇಟ್ಟೆ, ಇದಕ್ಕೇ ಅಂತ ಗೋಡೆಗೆ ನೇತುಹಾಕಿದ ಚೀಲದಿಂದ ಪೆನ್ನು ತೆಗೆದೆ, ಅವಳ ತೊಡೆಗೆ ಒತ್ತಿದೆ. ಕಟಕ್ ಅಂತು. ಹತ್ತರ ತನಕ ಮನಸಲ್ಲೇ ಎಣಿಸಿದೆ. ಅಕ್ಕೋರು ೧೦೮ಕ್ಕೆ ಫೋನು ಮಾಡಿ ಹುಡುಗಿಯನ್ನ ಎದೆಗೆ ಒರಗಿಸ್ಕೊಂಡು ಕೂತ್ರು. ಸ್ವಲ್ಪ ಹೊತ್ತಿಗೆ ಸುಂಯ್ ಅನ್ನೂದು ಇಳೀತು. ಹುಡುಗಿ "ನೀರು" ಅಂದ್ಲು.

ಆ ಮಾತು ಕೇಳಿದ್ದೇ ನಂಗೆ ಎಚ್ಚರ ತಪ್ಪಿತು. ಬಿದ್ದದ್ದು ಬಕೆಟಿನ ಮೇಲೆ.

ಆಂಬುಲೆನ್ಸಿನವರು ಓಡಿ ಬಂದ್ರು. ಒಂದು ಬದಿಗೆ ಹುಡುಗಿ ಸುಮ್ನೆ ಒರಗಿ ಕೂತಿದ್ದಾಳೆ. ಇನ್ನೊಂದು ಬದಿಗೆ ನಾನು ಮುಖ ಕೆಂಪು ಮಾಡ್ಕೊಂಡು ಕಣ್ಣು ಮುಚ್ಚಿ ಬಿದ್ದೇನೆ. ಕೆಂಪು ಸಾಂಬಾರಿಂದು ಅಂತ ಅವರಿಗೆ ಹ್ಯಾಂಗೆ ಗೊತ್ತಾಗ್ಬೇಕು? ನನ್ನನ್ನೇ ಎತ್ತಿ ಮಲಗಿಸಿ ಮೂಗಿಗೆ ಆಕ್ಸಿಜನ್ ಕಟ್ಟಿದ್ರು. ಅಕ್ಕೋರು ಕೂಗಿ ಹೇಳಿದ ಮೇಲೆ ಹುಡುಗಿಯನ್ನೂ ಹತ್ತಿಸಿ, ಆಕ್ಸಿಜನ್ ಅವಳಿಗೆ ಹಾಕಿದ್ರು.

ಹೊನ್ನಾವರದ ಆಸ್ಪತ್ರೇಲಿ ಇಬ್ಬರಿಗೂ ಅಕ್ಕಪಕ್ಕದ ಮಂಚ. ತಾಯಿ ಚಪ್ಪಲಿ ಇಲ್ಲದೆ ಓಡಿ ಬಂದ್ಲು. ಮಗಳನ್ನ ಮುಟ್ಟಿ ನೋಡಿದ್ಲು, ಅತ್ಲು. ಆಮೇಲೆ ಸಲಾಯಿನ್ ಏರಿಸ್ಕೊಂಡು ಮಲಗಿದ ನನ್ನ ಕಡೆ ತಿರುಗಿದ್ಲು.

"ಅಯ್ಯೋ ಅಕ್ಕಾ, ನಿಮಗೆ ಎಂತ ಆತು?"

ನಾನು ಜಂಬದಿಂದ ಬಾಯಿ ತೆಗೆಯೂದ್ರೊಳಗೆ ಹುಡುಗಿ ಹೇಳಿದ್ಲು, "ಎಂತ ಇಲ್ಲಮ್ಮ. ಚುಚ್ಚಿದ್ದು ನಂಗೆ, ಬಿದ್ದದ್ದು ಇವ್ರು."