ನಮ್ಮ ಮನೆಯ ಶುಗರ್ ಮೆಷಿನ್ನಿನ ಮೇಲೊಂದು ದೂರು

ಮಾನ್ಯ ಶುಗರ್ ಮೆಷಿನ್ನಿನವರ ಸನ್ನಿಧಾನಕ್ಕೆ,

ಅರಕಲಗೂಡಿನ ಪಾತ್ರೆ ಅಂಗಡಿ ಪಂಚಾಕ್ಷರಯ್ಯ ಮಾಡುವ ನಮಸ್ಕಾರಗಳು. ಮೊದಲೆಲ್ಲ ಕಾಗದದ ತಲೆಯಲ್ಲಿ 'ನಾವೆಲ್ಲ ಕ್ಷೇಮ' ಎಂದು ಧೈರ್ಯವಾಗಿ ಬರೆಯುತ್ತಿದ್ದೆ. ತಾವು ಮನೆಗೆ ದಯಮಾಡಿಸಿದ ಮೇಲೆ ಅದನ್ನೂ ತಮ್ಮನ್ನು ಕೇಳಿಯೇ ಬರೆಯಬೇಕಾಗಿದೆ.

ಮಾನ್ಯರೇ, ತಮ್ಮ ಸತ್ಯಸಂಧತೆಯನ್ನು ಎಷ್ಟು ಹೊಗಳಿದರೂ ಸಾಲದು. ಕೊಣನೂರಿನ ಗೃಹಪ್ರವೇಶದಲ್ಲಿ ಒಂದೇ ಒಂದು ಹೋಳಿಗೆ ತಿಂದೆನೆಂದು ಹಾಸನದಲ್ಲಿರುವ ಮಗಳು ನಿಧಿಗೆ ನಾನು ಹೇಳಿದ್ದರೆ, ತಾವು ಮಾರನೆಯ ಬೆಳಿಗ್ಗೆ ಉಳಿದ ಮೂರನ್ನೂ ತುಪ್ಪದ ಸಮೇತ ಒಪ್ಪಿಸಿದಿರಿ. ರಾಗಿ ಒಳ್ಳೆಯದೆಂದ ಡಾಕ್ಟರ ಮಾತನ್ನು ಶಿರಸಾವಹಿಸಿ ಹೊತ್ತಿಗೆರಡು ಮುದ್ದೆ ಉಂಡರೆ ಅದಕ್ಕೂ ತಮ್ಮ ತಕರಾರು. ಮುದ್ದೆ ಮುಷ್ಟಿಯಷ್ಟೇ ಇರಲಿ, ಅರ್ಧ ತಟ್ಟೆ ಸೊಪ್ಪು ತರಕಾರಿ ಇರಲಿ, ಜೊತೆಗೆ ಕಾಳಿರಲಿ ಎಂದು ಡಾಕ್ಟರು ಆಮೇಲೆ ತಿದ್ದಿದರು. ಭಾನುವಾರಗಳಂದು ತಾವು ರಜೆ ಪಡೆಯಬೇಕೆಂದೂ ಸೀಮಂತ, ನಾಮಕರಣಗಳಿಗೆ ರಿಯಾಯಿತಿ ಕೊಡಬೇಕೆಂದೂ ನಾನು ಮಾಡಿದ್ದ ಹಳೆಯ ಕೋರಿಕೆ ಹಾಗೆಯೇ ಇದೆ.

ಆದರೆ ನಿಜವಾದ ದೂರು ಕಳೆದ ತಿಂಗಳ ಒಂದು ಸೋಮವಾರದ್ದು. ದಿನಾ ಬೆಳಿಗ್ಗೆ ತಮ್ಮ ಅಂಕಿಯ ಫೋಟೋ ಮಗಳಿಗೆ ಹೋಗಬೇಕೆಂಬುದು ಕಟ್ಟಪ್ಪಣೆ. ಹಿಂದಿನ ದಿನ ಚನ್ನರಾಯಪಟ್ಟಣದಲ್ಲಿ ಊಟ ಜೋರಾಗಿದ್ದುದರಿಂದ ನನ್ನ ಬೆರಳನ್ನು ಬಚ್ಚಿಟ್ಟು ಹೆಂಡತಿ ಸುವರ್ಣಮ್ಮನ ಬೆರಳು ಬೇಡಿದೆ. "ತಗಳಿ, ನಂಗೇನ್ ಬಂದದೆ, ಗುಂಡುಕಲ್ಲಂಗಿವ್ನಿ" ಎಂದು ನಗುತ್ತಲೇ ಕೈ ಚಾಚಿದಳು. ತಾವು ಇನ್ನೂರ ಅರವತ್ತೆಂಟು ಎಂದಿರಿ. ನನ್ನ ಹೋಳಿಗೆಯ ಮಾರನೆಯ ದಿನವೂ ಅಷ್ಟಿರಲಿಲ್ಲ.

ತಾವು ಕೆಟ್ಟಿದ್ದೀರೆಂದು ಬೈದೆ, ಬ್ಯಾಟರಿ ಬದಲಿಸಿದೆ, ಹಾಸನದ ಲ್ಯಾಬಿಗೂ ಹೋದೆವು. ಅವರೂ ತಮ್ಮ ಕಡೆಯವರೇ. ವಂಶದಲ್ಲೂ ಇದ್ದೀತು ಎಂದು ಡಾಕ್ಟರು ಸಮಾಧಾನ ಹೇಳಿದರು. ನನಗೆ ಮಾತ್ರ ಬೇರೆಯದೇ ನೆನಪಾಯಿತು. ನನಗೆಂದು ಬೇರೆ ಅಡುಗೆ ಮಾಡಿ, ನಾನು ಬಿಟ್ಟ ಅನ್ನ, ನನಗೆ ಕೂಡದೆಂದು ಎತ್ತಿಟ್ಟ ಪಾಯಸ, ಎಲ್ಲವನ್ನೂ ಹಾಳಾಗಬಾರದೆಂದು ಎರಡು ವರ್ಷ ಒಬ್ಬಳೇ ಕೂತು ಉಂಡು ಮುಗಿಸಿದವಳು ಅವಳು. ಪಾದ ಉರಿಯುತ್ತದೆ ಎಂದಾಗ ವಯಸ್ಸಾಯಿತು ಎಂದಿದ್ದೆ. ಅವಳ ತಟ್ಟೆಯನ್ನು ಒಂದು ದಿನವೂ ನೋಡಿರಲಿಲ್ಲ. ಮಾನ್ಯರೇ, ನನಗೆ ಹೆದರಿಕೆಯಾಯಿತು, ನಾಚಿಕೆಯೂ ಆಯಿತು.

ಈಗ ನಮ್ಮದು ಒಂದೇ ಅಡುಗೆ, ಎರಡು ತಟ್ಟೆ, ಎರಡರಲ್ಲೂ ಮುಷ್ಟಿಯಷ್ಟೇ ಮುದ್ದೆ. ಆದಕಾರಣ ನನ್ನ ಮೇಲೆ ಎಷ್ಟು ಬೇಕಾದರೂ ಚಾಡಿ ಹೇಳಿ. ಅವಳ ಅಂಕಿಯನ್ನು ಮಾತ್ರ ದಿನಕ್ಕಿಷ್ಟು ಇಳಿಸುತ್ತಾ, ಅದೂ ಒಂದು ಸುಳ್ಳನ್ನೂ ಹೇಳದೆ, ತೋರಿಸಬೇಕಾಗಿ ಪ್ರಾರ್ಥನೆ.

ಹತ್ತು ಬೆರಳೂ ಚುಚ್ಚಿಸಿಕೊಂಡ ತಮ್ಮ ವಿಶ್ವಾಸಿ,
ಪಂಚಾಕ್ಷರಯ್ಯ

ವಿ.ಸೂ.: ತಮ್ಮನ್ನು ತಂದುಕೊಟ್ಟ ಅಳಿಯ ಮನೋಹರ ಬಂದಾಗಲೆಲ್ಲ ನಮ್ಮಿಬ್ಬರ ಪಾಲಿನ ಸಿಹಿಯನ್ನೂ, ಹಾಳಾಗಬಾರದೆಂದು, ಅವರೇ ತಿನ್ನುತ್ತಿದ್ದಾರೆ. ಶನಿವಾರ ಬಂದು ಉಳಿಯುತ್ತಾರೆ. ಭಾನುವಾರ ತಿಂಡಿಗೆ ಮುಂಚೆ ತಾವು ಸಿದ್ಧರಿರಬೇಕು. ನನ್ನ ರಜೆಯ ಕೋರಿಕೆಯನ್ನು ಅಂದಿನ ಮಟ್ಟಿಗೆ ವಾಪಸು ಪಡೆದಿದ್ದೇನೆ.