ಪಟ್ಟದ ಗೊಂಬೆಗೊಂದು ಉಕ್ಕಿನ ಅರಮನೆ

ಸರಸ್ವತಿಪುರದ ಆ ನಡುಮನೆಯಲ್ಲಿ ಅಂದು ಇದ್ದದ್ದು ಸೋದರಮಾವ, ಅತ್ತೆ, ಎದುರುಮನೆ ಮೇಷ್ಟ್ರು, ಮತ್ತೆ ನಾನು. ಇಡೀ ಮೈಸೂರಿನಲ್ಲಿ ಭೂಕಂಪಕ್ಕಾಗಿ ದಾರಿ ಕಾಯುತ್ತಿರುವವರು ಯಾರಾದರೂ ಇದ್ದರೆ ಅದು ನಮ್ಮ ಮಾವನೇ ಎಂದರೆ ನೀವು ನಂಬಬೇಕು!

ಅವರ ಕಸುಬೇ ಅದು. ಭೂಮಿ ನಡುಗಿದರೂ ಬೀಳದ ಉಕ್ಕಿನ ಕಟ್ಟಡಗಳಿಗೆ ನಕ್ಷೆ ಹಾಕುವುದು. ಕಂಬ-ತೊಲೆಗಳ ಚೌಕದೊಳಗೆ ಮೂಲೆಯಿಂದ ಮೂಲೆಗೆ ಓರೆಪಟ್ಟಿ ಕೊಡುವುದು. ಓರೆಪಟ್ಟಿ ಇಲ್ಲದ್ದೇನು ಕಂಡರೂ ಅವರ ಕೈ ಸುಮ್ಮನಿರುವುದುಂಟೇ? ಹೋಟೆಲಿನಲ್ಲಿ ದೋಸೆಗೆ ಮುಂಚೆ ಮೇಜು ಅಲ್ಲಾಡಿಸುತ್ತಾರೆ. ಪಕ್ಕದವರ ಕಾಫಿ ಚೆಲ್ಲಿದರೆ, "ನೋಡಿದ್ರಾ? ಓರೆಪಟ್ಟಿನೇ ಇಲ್ಲ ಕಣ್ರೀ!" ಎಂದು ಅವರಿಗೇ ಪಾಠ! ಒಂದು ಮದುವೆಯಲ್ಲಂತೂ ಅವರು ಮಂಟಪದ ಕಂಬ ಜಗ್ಗಿ ನೋಡಿದ್ದಕ್ಕೆ ಪುರೋಹಿತರ ಮಂತ್ರವೇ ನಿಂತುಹೋಗಿತ್ತು.

ಆ ವರ್ಷ ಅತ್ತೆ, "ಈ ಸಲ ದಸರಾ ಗೊಂಬೆ ಬೇಡ ಬುಡಿ. ಕೈ ನಡುಗುತ್ತೆ, ಮೆಟ್ಲು ಹಿಡ್ಕೊಂಡ್ರೆ ಅದೂ ನಡುಗುತ್ತೆ. ಬಿದ್ದು ಒಡೆದ್ರೆ?" ಎಂದುಬಿಟ್ಟರು. ತವರಿನವರು ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳು, ಆ ರಾಜ-ರಾಣಿ ಜೋಡಿ, ಅಟ್ಟದಲ್ಲೇ ಉಳಿಯುವ ಹಾಗಾಯಿತು.

ಮಾವ ತಡಮಾಡಲಿಲ್ಲ. ಕಡಕೊಳದ ಶೆಡ್ಡಿನಲ್ಲಿ ಬೆಸುಗೆ ಹಾಕಿಸಿ, ಗೊಂಬೆ ಕೂರಿಸುವ ಉಕ್ಕಿನ ಮೆಟ್ಟಿಲನ್ನೇ ಆಟೋದಲ್ಲಿ ತಂದಿಳಿಸಿದರು! ನಡುಮನೆಯಲ್ಲಿ ನಮ್ಮೆಲ್ಲರೆದುರು ನಡೆದ ಪರೀಕ್ಷೆಗೆ ಗೊಂಬೆಗಳ ಬದಲು ಅಡುಗೆಮನೆಯ ಲೋಟಗಳು. ಮೆಟ್ಟಿಲಿನ ಕಾಲು ಹಿಡಿದು ಜಗ್ಗಿದರು ನೋಡಿ, ಅದು ಬಂಡೆಯ ಹಾಗೆ ನಿಂತಿತು. ಲೋಟಗಳೆಲ್ಲ ಢಣಢಣ ಉರುಳಿದವು!

"ಅರಮನೆ ಉಳೀತು ಸ್ವಾಮಿ, ಪ್ರಜೆಗಳು ಹೋದ್ರು!" ಎಂದರು ಮೇಷ್ಟ್ರು.

"ಓರೆಪಟ್ಟಿ ದಪ್ಪ ಆಯ್ತು ಕಣ್ರೀ! ಅದು ಬಗ್ಗದೆ ಏಟೆಲ್ಲ ಲೋಟಗಳಿಗೇ ಹೋಯ್ತು! ಯಾವುದಾದ್ರೂ ಒಂದು ಬಗ್ಗಬೇಕು, ಆಗ ಮಿಕ್ಕಿದ್ದೆಲ್ಲ ನಿಲ್ಲುತ್ತೆ!" ಮಾವ ಕುಣಿಯುವುದೊಂದು ಬಾಕಿ. ದಪ್ಪ ಪಟ್ಟಿ ಬಿಚ್ಚಿ ತೆಳುವಾದದ್ದನ್ನು ಬಿಗಿದರು. ಲೋಟಗಳನ್ನು ಮತ್ತೆ ಜೋಡಿಸಿ ಜಗ್ಗಿದರು. ಈ ಸಲ ಒಂದು ಲೋಟವೂ ಅಲುಗಲಿಲ್ಲ!

"ಅಲ್ಲಾ, ಮೈಸೂರಲ್ಲಿ ಭೂಕಂಪ ಎಲ್ರೀ ಆಗುತ್ತೆ?" ಎಂದು ಕೇಳಿದರು ಮೇಷ್ಟ್ರು.

ಮಾವ ಮೆಟ್ಟಿಲಿನಿಂದ ಲೋಟ ಎತ್ತಿಕೊಳ್ಳುತ್ತಿದ್ದ ಅತ್ತೆಯ ಕೈಯನ್ನೇ ನೋಡುತ್ತಿದ್ದರು.

ಪಾಡ್ಯದ ದಿನ ಅತ್ತೆ ತಾವೇ ಗೊಂಬೆಗಳನ್ನೆಲ್ಲ ಜೋಡಿಸಿದರು. ಕೊನೆಗೆ ರಾಣಿಯನ್ನು ಮೇಲಿನ ಮೆಟ್ಟಿಲಿಗೇರಿಸುವಾಗ ಆಯ ತಪ್ಪಿ, ಪೂರಾ ಭಾರ ಹಾಕಿ ಮೆಟ್ಟಿಲನ್ನು ಹಿಡಿದುಕೊಂಡರು. ಅದು ಒಮ್ಮೆ ಕಿರ್ರೆಂದಿತು. ಒಂದು ಗೊಂಬೆಯೂ ಬೀಳಲಿಲ್ಲ. ರಾಣಿ ರಾಜನ ಪಕ್ಕ ಕೂತಳು.

ಆರತಿ ಮುಗಿದ ಮೇಲೆ ಮಾವ ಬಗ್ಗಿಹೋಗಿದ್ದ ತೆಳುಪಟ್ಟಿಯನ್ನು ಬಿಚ್ಚಿ, ಹೊಸದೊಂದನ್ನು ಹಾಕಿದರು.